ಸತ್ತವನ ತೂಕ

ಒಡೆಸ್ಸಾ ಪ್ರೂಯಿಟ್ ಮೈದಾನ ತಲುಪುವಷ್ಟರಲ್ಲಿ ಹುಡುಗ ಸತ್ತು ಒಂದು ಗಂಟೆಯಾಗಿತ್ತು.

ಮಂಗಳವಾರ, ಬೆಳಗ್ಗೆ ಹತ್ತೂವರೆ. ಅಲಬಾಮದ ಜುಲೈ. ಕಾರಿನ ಸ್ಟೀರಿಂಗ್ ಮುಟ್ಟಲೂ ಕರವಸ್ತ್ರ ಬೇಕಾಗುವ ಬಿಸಿಲು. ಕೊಸಾ ರಿಜ್ ಕಾಲೇಜಿನ ಫುಟ್‌ಬಾಲ್ ಮೈದಾನ ಮದುವೆ ಮನೆಯ ಅಂಗಳದಷ್ಟು ಚೊಕ್ಕಟವಾಗಿತ್ತು. ಒಂದು ನೀರಿನ ಬಾಟಲಿ ಬಿದ್ದಿರಲಿಲ್ಲ. ಒಂದು ಟವೆಲ್ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಕೌಂಟಿ ಪೊಲೀಸ್ ಪತ್ತೇದಾರಳಾಗಿದ್ದ ಒಡೆಸ್ಸಾಗೆ ಸಾವಿನ ಜಾಗ ಚೊಕ್ಕಟವಾಗಿದ್ದರೆ ಆಗುವುದಿಲ್ಲ.

ಸತ್ತವನು ಡೇರಿಯಸ್ ಹಾಲಿಫೀಲ್ಡ್. ಹತ್ತೊಂಬತ್ತು ವರ್ಷ. ಮುನ್ನೂರು ಪೌಂಡಿನ ಆಳು. ಹೆಲ್ಮೆಟ್ ಹಾಕಿಕೊಂಡು ಎದುರಾಳಿಗಳನ್ನು ಎದೆಯಿಂದ ತಡೆದು ನಿಲ್ಲಿಸುವುದು ತಂಡದಲ್ಲಿ ಅವನ ಕೆಲಸ. ಬೆಳಗಿನ ಕಸರತ್ತಿನಲ್ಲಿ ಕುಸಿದುಬಿದ್ದ. ಎಂಟೂಕಾಲಕ್ಕೆ ಆಂಬುಲೆನ್ಸ್‌ಗೆ ಕರೆ ಹೋಯಿತು. ಒಂಬತ್ತೂವರೆಗೆ ಆಸ್ಪತ್ರೆಯಲ್ಲಿ ಉಸಿರು ನಿಂತಿತು.

"ಏನಿತ್ತು ಕಸರತ್ತು?" ಎಂದು ಒಡೆಸ್ಸಾ ಕೇಳಿದಳು.

"ಹಗುರ ಓಟ," ಎಂದ ರಸ್ ಟ್ಯಾಕೆಟ್. ಹುಡುಗರ ಮೈ ಹುರಿಗೊಳಿಸುವ ಕೋಚ್ ಅವನು. ಕುತ್ತಿಗೆ ಎಲ್ಲಿ ಮುಗಿಯಿತು, ಭುಜ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. "ಏಳೂವರೆಗೆ ಶುರು. ನಲವತ್ತು ನಿಮಿಷ. ಹತ್ತು ನಿಮಿಷಕ್ಕೊಮ್ಮೆ ನೀರು."

"ಬಿದ್ದ ಮೇಲೆ?"

"ಮೈ ತಣ್ಣಗಾಗ್ಲಿ ಅಂತ ಸೀದಾ ಐಸ್ ತೊಟ್ಟಿಗೆ ಹಾಕಿದ್ವಿ. ನಿಯಮ ಅಂದ್ರೆ ನಿಯಮ. ನಮ್ಮಲ್ಲಿ ಹೆಚ್ಚುಕಮ್ಮಿ ಆಗೋ ಮಾತೇ ಇಲ್ಲ ಮ್ಯಾಮ್."

ಆಗಲೇ ಆಗಿತ್ತಲ್ಲ.

ನಲವತ್ತೊಂದು ಹುಡುಗರನ್ನು ಒಬ್ಬೊಬ್ಬರನ್ನಾಗಿ ಕೇಳಿದಳು. "ನಲವತ್ತು ನಿಮಿಷ, ಹಗುರ ಓಟ, ಹತ್ತು ನಿಮಿಷಕ್ಕೊಮ್ಮೆ ನೀರು, ಮ್ಯಾಮ್." ನಲವತ್ತು ಬಾಯಿ, ಒಂದೇ ಗಿಳಿಪಾಠ. ಒಬ್ಬ ಮಾತ್ರ ಪಾಠ ಮರೆತ. ಡೇರಿಯಸ್‌ನ ಕೋಣೆಯ ಜೊತೆಗಾರ, ಬೂನ್ ಲ್ಯಾಸಿಟರ್. ಕೆಂಪು ಕೂದಲಿನ ದೈತ್ಯ. ಅತ್ತು ಅತ್ತು ಮುಖ ಊದಿತ್ತು.

"ನಾನೇ ಕೊಂದೆ ಮ್ಯಾಮ್," ಎಂದ.

"ಏನಂದೆ? ಹೇಗೆ?"

ಬೂನ್ ಅವಳ ಹೆಗಲ ಮೇಲಿಂದ ಬಾಗಿಲ ಕಡೆ ನೋಡಿದ. ಅಲ್ಲಿ ಟ್ಯಾಕೆಟ್ ಕೈಕಟ್ಟಿ ನಿಂತಿದ್ದ.

* * *

ತಂಡದ ಆರೋಗ್ಯ ನೋಡಿಕೊಳ್ಳುತ್ತಿದ್ದವಳು ನೆಟ್ಟಿ ಪಿಕೆನ್ಸ್. ಐವತ್ತೈದರ ಹೆಂಗಸು. ಹುಡುಗರಿಗೆಲ್ಲ ಮಿಸ್ ನೆಟ್ಟಿ. ಹದಿನೇಳು ವರ್ಷದಿಂದ ಅವರ ಕಾಲಿಗೆ ಪಟ್ಟಿ ಸುತ್ತಿ, ಜ್ವರ ನೋಡಿ, ಹುಟ್ಟುಹಬ್ಬಕ್ಕೆ ಕೇಕ್ ಮಾಡಿ ತಂದವಳು. ಅವಳ ಕೋಣೆಯಲ್ಲಿ ಎಸಿ ಹಾಯಾಗಿ ಬೀಸುತ್ತಿತ್ತು.

"ನಿಮಗೆ ಏನು ಬೇಕೋ ಕೇಳಿ ಕಂದಾ," ಎಂದು ಒಡೆಸ್ಸಾಳ ಕೈ ಹಿಡಿದುಕೊಂಡಳು. "ಪ್ರತಿ ಹುಡುಗನ ತೂಕ ನನ್ನ ಹತ್ರ ಇದೆ. ಮೈದಾನಕ್ಕೆ ಇಳಿಯೋ ಮುಂಚೆ ಒಂದ್ಸಲ, ಮುಗಿಸಿ ಬಂದ ಮೇಲೆ ಒಂದ್ಸಲ. ಮುಂಚಿಂದು ಅವರೇ ಬರೀತಾರೆ, ಆಮೇಲಿಂದು ನಾನು. ಬೆವರಿ ತುಂಬ ಇಳಿದ್ರೆ ಮಾರನೇ ದಿನ ಅವನು ಮೈದಾನಕ್ಕೆ ಕಾಲಿಡೋ ಹಾಗಿಲ್ಲ."

ಫೈಲನ್ನೇ ತೆಗೆದು ಕೊಟ್ಟಳು. ಸೋಮವಾರದ್ದೊಂದು ಹಾಳೆ, ಮಂಗಳವಾರದ್ದೊಂದು. ಒಡೆಸ್ಸಾ ಕಣ್ಣಾಡಿಸಿದಳು. ಎಲ್ಲರೂ ಎರಡೋ ಮೂರೋ ಪೌಂಡ್ ಇಳಿದಿದ್ದರು. ಹಗುರ ಓಟಕ್ಕೆ ತಕ್ಕ ಲೆಕ್ಕ.

ಡೇರಿಯಸ್‌ನ ಸಾಮಾನುಗಳನ್ನು ತಾಯಿಗೆ ಕಳಿಸಬೇಕೆಂದು ನೆಟ್ಟಿ ಅವನ ಕಪಾಟು ತೆರೆದಳು. ಬೂಟು, ಬನಿಯನ್, ಒಂದು ಬೈಬಲ್. ಬನಿಯನ್ನಿನ ಮಡಿಕೆಯಿಂದ ಮಾತ್ರೆಯ ಬಾಟಲಿಯೊಂದು ಉರುಳಿ ನೆಲಕ್ಕೆ ಬಿತ್ತು.

ಒಡೆಸ್ಸಾ ಕೈಗವಸು ಹಾಕಿಕೊಂಡು ಎತ್ತಿದಳು. ಮೈಗೆ ಹುರುಪೇರಿಸುವ ಮಾತ್ರೆ. ಬಿಸಿಲಲ್ಲಿ ಓಡುವವನು ನುಂಗಿದರೆ ಎದೆ ಸಿಡಿಯುತ್ತದೆ. ಬಾಟಲಿಯ ನಡುವೆ ಎಂಥದೋ ಅಂಟು. ಅವಳ ಬೆರಳು ಅಂಟಿಕೊಂಡಿತು.

"ಅಯ್ಯೋ ದೇವರೇ," ಎಂದು ನೆಟ್ಟಿ ಬಾಯಿಗೆ ಕೈ ಇಟ್ಟುಕೊಂಡಳು. "ಇವನೂನಾ? ಎಷ್ಟು ಸಲ ಬಡ್ಕೊಂಡಿದೀನಿ ಈ ಹುಡುಗ್ರಿಗೆ!"

ಅವಳ ಕಣ್ಣಿಂದ ನೀರು ದಳದಳ ಸುರಿಯಿತು. ಒಡೆಸ್ಸಾ ತನ್ನ ಕರವಸ್ತ್ರ ತೆಗೆದು ಕೊಟ್ಟಳು.

* * *

ಬುಧವಾರದ ಹೊತ್ತಿಗೆ ಸುದ್ದಿ ಊರೆಲ್ಲ ಹಬ್ಬಿತ್ತು. ಕ್ಷೌರದಂಗಡಿಯಲ್ಲಿ ಅದೇ ಮಾತು, ಪೆಟ್ರೋಲ್ ಬಂಕಿನಲ್ಲಿ ಅದೇ ಮಾತು. ಹುಡುಗ ಮಾತ್ರೆ ನುಂಗಿದ್ದನಂತೆ. ಪಾಪ, ಕೋಚ್‌ಗಳದ್ದೇನು ತಪ್ಪು? ಈ ಊರಿನವರಿಗೆ ತಂಡದ ಮೇಲೆ ಇರುವಷ್ಟು ನಂಬಿಕೆ ಸ್ವಂತ ಗಂಡ ಹೆಂಡಿರ ಮೇಲಿಲ್ಲ. ಒಡೆಸ್ಸಾಳ ಕಾರಿನ ಹಿಂದೆಯೂ ತಂಡದ ಸ್ಟಿಕರ್ ಇತ್ತು.

ಡೇರಿಯಸ್‌ನ ತಾಯಿ ವರ್ನೆಲ್ ಹಾಲಿಫೀಲ್ಡ್ ಶಾಲಾ ಬಸ್ಸಿನ ಡ್ರೈವರ್. ಮನೆ ತುಂಬ ನೆಂಟರು, ಚರ್ಚಿನವರು. ಅಡುಗೆಮನೆಯ ಮೇಜಿನ ಮೇಲೆ ಜಾಗವಿರಲಿಲ್ಲ. ಸಾವಿನ ಮನೆಗೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಹ್ಯಾಮ್, ಬೀನ್ಸ್, ಪೀಚ್ ಹಣ್ಣಿನ ಸಿಹಿ, ಕೋಳಿ ಅನ್ನ ಚೀಸು ಸೇರಿಸಿ ಬೇಯಿಸಿದ ಗಾಜಿನ ಪಾತ್ರೆಗಳು.

"ಕೂತ್ಕೊಳ್ಳಿ ಮ್ಯಾಮ್. ಏನಾದ್ರೂ ತಿನ್ನಿ," ಎಂದಳು ವರ್ನೆಲ್. ಅವಳು ತಾನು ತಿಂದ ಹಾಗಿರಲಿಲ್ಲ. "ಈ ಕೋಳಿ ಅನ್ನ ಮಿಸ್ ನೆಟ್ಟಿ ತಂದಿದ್ದು. ನಿನ್ನೆ ಸಂಜೇನೇ ಬಂದ್ರು. ನನ್ನ ಜೊತೆ ಕೂತು ಅತ್ರು."

"ಮಿಸ್ ವರ್ನೆಲ್, ಆ ಮಾತ್ರೆ..."

"ಅವನಿಗೆ ತಲೆನೋವಿನ ಮಾತ್ರೆ ನುಂಗಿಸ್ಬೇಕಾದ್ರೂ ಜೆಲ್ಲಿಲಿ ಬಚ್ಚಿಟ್ಟು ಕೊಡ್ಬೇಕಿತ್ತು. ಹೋದ ತಿಂಗಳೂ ಹಂಗೇ ಕೊಟ್ಟೆ. ಅಷ್ಟು ದೊಡ್ಡ ದೇಹ, ಒಂದು ಮಾತ್ರೆಗೆ ಹೆದರ್ತಿದ್ದ." ಅವಳು ನಗಲು ಹೋದಳು. ಆಗಲಿಲ್ಲ. "ಶನಿವಾರ ಮಣ್ಣು ಮಾಡ್ತೀವಿ. ಇಡೀ ಊರು ಬರುತ್ತೆ. ಪಾದ್ರಿಗಳು ಪೆಟ್ಟಿಗೆ ಮುಂದೆ ನಿಂತು ನನ್ನ ಮಗನ್ನ ಏನಂತ ಕರೀಬೇಕು? ಅಷ್ಟರೊಳಗೆ ನನಗೆ ಗೊತ್ತಾಗ್ಬೇಕು. ಅವನೇ ಸತ್ನಾ, ಯಾರಾದ್ರೂ ಸಾಯಿಸಿದ್ರಾ?"

ರಕ್ತ ಪರೀಕ್ಷೆಯ ವರದಿ ಬರಲು ಆರು ವಾರ ಬೇಕು. ಶನಿವಾರಕ್ಕೆ ಮೂರು ದಿನ. ಒಡೆಸ್ಸಾ "ತಿಳ್ಕೊಂಡು ಬರ್ತೀನಿ" ಎಂದುಬಿಟ್ಟಳು. ಹೊರಗೆ ಬಂದ ಮೇಲೆ ಯಾಕಾದರೂ ಹೇಳಿದೆನೋ ಎನಿಸಿತು.

* * *

ಗುರುವಾರ ಮಧ್ಯಾಹ್ನದವರೆಗೂ ಅವಳಿಗೆ ತಲೆಬುಡ ಗೊತ್ತಾಗಲಿಲ್ಲ.

ಮಾತ್ರೆ ಬೂನ್‌ನದ್ದಿರಬಹುದೆ? ಇಬ್ಬರಿಗೂ ಆಟದಲ್ಲಿ ಒಂದೇ ಜಾಗ. ಡೇರಿಯಸ್ ಹೋದರೆ ಬೂನ್‌ಗೆ ಲಾಭ. ನಾನೇ ಕೊಂದೆ ಎಂದು ಅವನೇ ಹೇಳಿದ್ದಾನೆ. ಆದರೆ ಕೊಂದವನು ಹಾಗೆ ಅಳುತ್ತಾನೆಯೆ? ಟ್ಯಾಕೆಟ್ ಒರಟ, ನಿಜ. ಒರಟರೆಲ್ಲ ಕೊಲೆಗಾರರಾದರೆ ಅಲಬಾಮದ ಅರ್ಧ ಗಂಡಸರನ್ನು ಒಳಗೆ ಹಾಕಬೇಕು. ಒಂದು ದಾರಿ ಹಿಡಿದರೆ ಇನ್ನೊಂದು ತಪ್ಪುತ್ತಿತ್ತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯದೆ ಅವಳು ಬಿಸಿಲಿನ ಮೇಲೆ ಸಿಟ್ಟು ಮಾಡಿಕೊಂಡಳು.

ಕಾರನ್ನು ಓಕ್ ಮರದ ನೆರಳಿನಲ್ಲಿ ನಿಲ್ಲಿಸಿ, ಸಿಹಿ ಐಸ್ ಟೀ ಹೀರುತ್ತಾ, ತೂಕದ ಹಾಳೆಗಳನ್ನು ಮತ್ತೊಮ್ಮೆ ತೆರೆದಳು. ಬೇರೆ ಕೆಲಸ ತೋಚದೆ ಓದಿದಳು.

ಹಾಲಿಫೀಲ್ಡ್, ಡಿ. ಮಂಗಳವಾರ. ಮುಂಚೆ ಇನ್ನೂರ ತೊಂಬತ್ತೈದು. ಆಮೇಲೆ ಇನ್ನೂರ ತೊಂಬತ್ತಮೂರು.

ಟೀ ಕೈಯಲ್ಲೇ ಉಳಿಯಿತು.

ಅವನನ್ನು ಸ್ಟ್ರೆಚರ್ ಮೇಲೆ ಒಯ್ದರು. ಅವನು ತೂಕದ ಯಂತ್ರದ ಮೇಲೆ ಯಾವಾಗ ನಿಂತ?

ಅವಸರವಾಗಿ ಸೋಮವಾರದ ಹಾಳೆ ಎಳೆದಳು. ಮುಂಚೆ ಮುನ್ನೂರ ನಾಲ್ಕು. ಆಮೇಲೆ ಮುನ್ನೂರ ಎರಡು. ಸೋಮವಾರ ಮುನ್ನೂರ ಎರಡಿದ್ದವನು ರಾತ್ರಿ ಮಲಗಿ ಬೆಳಗ್ಗೆ ಎದ್ದಾಗ ಇನ್ನೂರ ತೊಂಬತ್ತೈದು. ನಿದ್ದೆಯಲ್ಲಿ ಏಳು ಪೌಂಡ್ ಕರಗುವ ಹಾಗಿದ್ದರೆ ಒಡೆಸ್ಸಾ ಯಾವತ್ತೋ ಬಳುಕುವ ಬಳ್ಳಿಯಾಗಿರುತ್ತಿದ್ದಳು.

ಹುಡುಗರು ತಾವೇ ಬರೆದ ಸಂಖ್ಯೆಗಳು ನಿಜ. ನೆಟ್ಟಿ ಬರೆದವು ಸುಳ್ಳು.

* * *

ಬೂನ್ ಅಂಚೆ ಕಚೇರಿಯ ಪಕ್ಕದ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ಒಡೆಸ್ಸಾ ಹಾಳೆಯನ್ನು ಅವನ ಮುಂದೆ ಹಿಡಿದಳು.

"ಮಂಗಳವಾರ ನೀನು ಮೂರು ಪೌಂಡ್ ಇಳಿದಿದೀಯ."

ಬೂನ್ ನೋಡಿದ. ಅವನಿಗೆ ನಗು ಬಂತು. ಕೇಳಲು ಹಿತವಾದ ನಗುವಲ್ಲ.

"ನಾನು ಓಡ್ಲೇ ಇಲ್ಲ ಮ್ಯಾಮ್. ಕುರ್ಚಿ ಮೇಲೆ ಕೂತಿದ್ದೆ."

"ಯಾವ ಕುರ್ಚಿ?"

"ತಪ್ಪು ಮಾಡಿದವನ ಕುರ್ಚಿ. ಯಾರಾದ್ರೂ ತಡವಾಗಿ ಬಂದ್ರೆ ಮಿಕ್ಕೋರೆಲ್ಲ ಓಡ್ಬೇಕು. ತಡ ಮಾಡಿದವನು ಮೈದಾನದ ಮಧ್ಯೆ ಕೂತು ತಣ್ಣೀರು ಕುಡೀತಾ ನೋಡ್ಬೇಕು. ಕೋಚ್ ಟ್ಯಾಕೆಟ್ ಮಾಡಿದ ಪದ್ಧತಿ. ನಾನು ನಾಲ್ಕು ನಿಮಿಷ ತಡ ಮಾಡಿದೆ." ಅವನು ಹಾಳೆಯನ್ನು ಪಕ್ಕಕ್ಕೆ ಸರಿಸಿದ. "ಬೆಳಗ್ಗೆ ಆರಕ್ಕೆ ಶುರು. ಓಡೋರಿಗೆ ಒಂದು ಹನಿ ನೀರಿಲ್ಲ. ಡೇರಿಯಸ್ ನನ್ನ ಮುಂದೆ ಹಾದಾಗೆಲ್ಲ 'ಪರ್ವಾಗಿಲ್ಲ ಬಿಡೋ' ಅಂತಿದ್ದ. ಆಮೇಲೆ ಅನ್ನೋದು ನಿಲ್ಲಿಸ್ದ. ಆಮೇಲೆ ಬಿದ್ದ."

"ಆಮೇಲೆ?"

"ನಾಟಕ ಆಡ್ತಿದಾನೆ, ಬಿಡಿ ಅಂದ್ರು ಕೋಚ್. ಇಪ್ಪತ್ತು ನಿಮಿಷ. ಕೊನೆಗೆ ತೊಟ್ಟಿ ಹತ್ರ ಎತ್ಕೊಂಡು ಹೋದ್ವಿ. ತೊಟ್ಟಿ ಒಣಗಿತ್ತು ಮ್ಯಾಮ್. ಐಸೂ ಇಲ್ಲ, ನೀರೂ ಇಲ್ಲ."

"ತೊಟ್ಟಿ ತುಂಬಿಸೋ ಕೆಲಸ ಯಾರದ್ದು?"

"ಮಿಸ್ ನೆಟ್ಟೀದು. ಅವರು ಎಸಿ ಬಿಟ್ಟು ಹೊರಗೆ ಬಂದು ಎಷ್ಟು ದಿನ ಆಯ್ತೋ. ಬೆಳಗ್ಗೆ ನಾವು ತೂಕ ಬರೆದ ಕೂಡ್ಲೆ ಆಮೇಲಿಂದನ್ನೂ ತುಂಬ್ತಾರೆ, ಒಳಗೆ ಹೋಗ್ತಾರೆ. ಬಂದ ಮೇಲೆ ನಮ್ಮ ತೂಕ ಯಾರೂ ನೋಡಲ್ಲ." ಬೂನ್ ಕಣ್ಣೊರೆಸಿಕೊಂಡ. "ಆದ್ರೆ ಅವರು ಒಳ್ಳೇವ್ರು ಮ್ಯಾಮ್."

ಒಡೆಸ್ಸಾ ಅವನ ಬೆನ್ನ ಮೇಲೆ ಕೈ ಇಟ್ಟಳು. "ಕೇಳು ಮಗಾ. ನಾಲ್ಕು ನಿಮಿಷದ ತಡ ಯಾರನ್ನೂ ಕೊಲ್ಲಲ್ಲ. ಆ ಮಾತು ಇನ್ನೊಂದ್ಸಲ ಆಡ್ಬೇಡ."

ಟ್ಯಾಕೆಟ್‌ನ ಲೆಕ್ಕ ಮುಗಿಯಿತು. ಆದರೆ ಮಾತ್ರೆ? ಗೊಂದಲ ಮತ್ತೆ ಅಲ್ಲೇ ಬಂದು ನಿಂತಿತು. ಮಾತ್ರೆ ಡೇರಿಯಸ್‌ನದ್ದಲ್ಲ ಎಂದು ಸಾಬೀತಾಗದಿದ್ದರೆ ಊರು ಬೂನ್‌ನ ಮಾತು ಕೇಳುವುದಿಲ್ಲ.

* * *

ಶುಕ್ರವಾರ ಬೆಳಗ್ಗೆ ವರ್ನೆಲ್‌ಳ ಅಡುಗೆಮನೆಯಲ್ಲಿ ಚರ್ಚಿನ ಹೆಂಗಸರು ಪಾತ್ರೆ ತೊಳೆಯುತ್ತಿದ್ದರು. ಒಡೆಸ್ಸಾ ತೊಳೆದ ಪಾತ್ರೆಗಳನ್ನು ಮಗುಚಿ ಸಾಲಾಗಿ ಇಡುತ್ತಿದ್ದಳು. ಪ್ರತಿ ಪಾತ್ರೆಯ ತಳದಲ್ಲೂ ಒಂದು ಟೇಪಿನ ತುಂಡು, ಅದರ ಮೇಲೆ ಒಡತಿಯ ಹೆಸರು. ಯಾರದ್ದು ಯಾರಿಗೆ ಹಿಂತಿರುಗಿಸಬೇಕೆಂದು ಗೊತ್ತಾಗಬೇಕಲ್ಲ. ಎಲ್ಲರದ್ದೂ ಹಳದಿ ಕಾಗದದ ಟೇಪು.

ಮೂಲೆಯಲ್ಲಿ ನೆಟ್ಟಿಯ ಪಾತ್ರೆ ಇನ್ನೂ ತುಂಬಿತ್ತು. ಯಾರೂ ಮುಟ್ಟಿರಲಿಲ್ಲ. ಒಡೆಸ್ಸಾ ಎತ್ತಿ, ಗಾಜಿನ ತಳ ನೋಡಿದಳು. ಬಿಳಿ ಬಟ್ಟೆಯ ಟೇಪು. ಹುಡುಗರ ಕಾಲಿಗೆ ಸುತ್ತುವ ಟೇಪು. ಅದರ ಎರಡೂ ಅಂಚು ಗರಗಸದ ಹಲ್ಲಿನ ಹಾಗೆ ಕತ್ತರಿಸಿದ್ದು.

ಅವಳಿಗೆ ಮಾತ್ರೆ ಬಾಟಲಿ ಎತ್ತಿದಾಗ ಬೆರಳಿಗೆ ಅಂಟಿದ್ದ ಆ ಅಂಟು ನೆನಪಾಯಿತು.

* * *

"ಈ ಬಾಟಲಿ ನೋಡಿ ಮಿಸ್ ನೆಟ್ಟಿ," ಎಂದು ಒಡೆಸ್ಸಾ ಪ್ಲಾಸ್ಟಿಕ್ ಚೀಲವನ್ನು ಅವಳ ಕೋಣೆಯ ಮೇಜಿನ ಮೇಲಿಟ್ಟಳು. ಬಾಗಿಲಲ್ಲಿ ಇಬ್ಬರು ಪೊಲೀಸರು ನಿಂತಿದ್ದರು. "ನಡುವೆ ಅಂಟಿನ ಪಟ್ಟಿ ಇದೆ. ಅಂಚು ಹಲ್ಲುಹಲ್ಲಾಗಿದೆ. ಈಗ ನಿಮ್ಮ ಟೇಪು ಕೊಡಿ."

ನೆಟ್ಟಿ ಕದಲಲಿಲ್ಲ. ಒಡೆಸ್ಸಾ ತಾನೇ ಮೇಜಿನ ಮೇಲಿದ್ದ ಸುರುಳಿ ಎತ್ತಿ ಪಕ್ಕದಲ್ಲಿ ಹಿಡಿದಳು. ಅದೇ ಅಗಲ. ಅದೇ ಹಲ್ಲು.

ಕೆಳಗಿನ ಸೆಳೆಖಾನೆಗೆ ಬೀಗ ಹಾಕಿತ್ತು. ವಾರಂಟ್ ತೋರಿಸಿ ತೆಗೆಸಿದಳು. ಒಳಗೆ ಐದು ಮಾತ್ರೆ ಬಾಟಲಿ. ಪ್ರತಿಯೊಂದರ ನಡುವೆಯೂ ಬಿಳಿ ಟೇಪು, ಮೇಲೆ ಒಬ್ಬ ಹುಡುಗನ ಹೆಸರು, ಅವನಿಂದ ಅದನ್ನು ಕಿತ್ತುಕೊಂಡ ತಾರೀಖು.

"ಆರನೇದಕ್ಕೆ ಸುತ್ತಿದ್ದ ಟೇಪು ಕಿತ್ತು, ಆ ಬಾಟಲೀನ ಡೇರಿಯಸ್‌ನ ಬನಿಯನ್ನಲ್ಲಿ ಇಟ್ರಿ. ನಾನು ಬರೋ ಮುಂಚೆ ಒಂದು ಗಂಟೆ ಟೈಮಿತ್ತು. ಓಡಿಸಿದವನು ಟ್ಯಾಕೆಟ್, ಅವನನ್ನ ಬೆಳಗ್ಗೇನೇ ಒಳಗೆ ಹಾಕಿದೀವಿ. ಆದ್ರೆ ಸೋಮವಾರ ಹುಡುಗರು ಮುಗಿಸಿ ಬಂದ ಮೇಲೆ ನೀವು ನಿಜವಾಗ್ಲೂ ತೂಕ ನೋಡಿದ್ದಿದ್ರೆ ಮಂಗಳವಾರ ಆ ಹುಡುಗ ಮೈದಾನಕ್ಕೇ ಇಳೀತಿರ್ಲಿಲ್ಲ. ಸಾಯೋ ಮುಂಚೇನೇ ಅವನ ತೂಕ ಬರೆದಿಟ್ಟಿದ್ರಿ. ಅಭ್ಯಾಸ ನೋಡಿ, ನನಗೆ ಕೊಡುವಾಗ್ಲೂ ನಿಮಗದು ಕಾಣ್ಲಿಲ್ಲ."

ನೆಟ್ಟಿ ಟೇಪಿನ ಸುರುಳಿಯನ್ನು ತನ್ನ ಕಡೆ ಎಳೆದುಕೊಂಡಳು.

"ಹದಿನೇಳು ವರ್ಷ," ಎಂದಳು. "ಒಬ್ಬ ಹುಡುಗನಿಗೂ ಏನೂ ಆಗಿರ್ಲಿಲ್ಲ. ಅದಕ್ಕೇ ನೋಡೋದು ಬಿಟ್ಟೆ. ತೊಟ್ಟಿ ಖಾಲಿ ಅಂತ ಗೊತ್ತಾದ ಕೂಡ್ಲೆ ನನ್ನ ಗತಿ ಏನು ಅನ್ನಿಸ್ತು. ನನ್ನ ಲೈಸೆನ್ಸ್, ನನ್ನ ಹೆಸರು... ಅವನು ಹೋಗಾಗಿತ್ತು ಕಂದಾ. ಸತ್ತವನಿಗೆ ಹೆಸರು ಕೆಟ್ರೇನು, ಬಿಟ್ರೇನು?"

"ಅವನ ತಾಯಿ ಬದುಕಿದಾಳೆ," ಎಂದಳು ಒಡೆಸ್ಸಾ. ಇಷ್ಟು ದಿನ ದಾರಿ ಕಾಣದೆ ಅಲೆದ ಸಿಟ್ಟು ಈಗ ಒಂದು ಕಡೆ ಬಂದು ನಿಂತಿತು. ಅದು ಅವಳಿಗೆ ಸಮಾಧಾನ ಕೊಡಲಿಲ್ಲ. ಎದುರಿಗಿದ್ದ ಹೆಂಗಸು ನಿಜವಾಗಿಯೇ ಅಳುತ್ತಿದ್ದಳು. ವರ್ನೆಲ್‌ಳ ಪಕ್ಕದಲ್ಲಿ ಕೂತು ಅತ್ತದ್ದೂ ಬಹುಶಃ ನಿಜವೇ.

* * *

ವರ್ನೆಲ್ ನಿಂತೇ ಎಲ್ಲ ಕೇಳಿದಳು. ಬೂನ್‌ನ ಕುರ್ಚಿ, ಒಣಗಿದ ತೊಟ್ಟಿ, ಟೇಪು. ಮಗ 'ಪರ್ವಾಗಿಲ್ಲ ಬಿಡೋ' ಎಂದದ್ದನ್ನು ಎರಡು ಸಲ ಹೇಳಿಸಿ ಕೇಳಿದಳು.

"ಅವನು ಮಾತ್ರೆ ತಿಂದಿರ್ಲಿಲ್ಲ."

"ಇಲ್ಲ ಮಿಸ್ ವರ್ನೆಲ್."

"ನಾಳೆ ಆ ಬೂನ್‌ಗೆ ಹೇಳಿ, ಪೆಟ್ಟಿಗೆ ಹೊರೋರ ಜೊತೆ ಮುಂದೆ ನಿಲ್ಲಲಿ. ತಡ ಮಾಡ್ದೆ ಬರಲಿ."

"ಆ ಪಾತ್ರೆ ನನಗೆ ಬೇಕು," ಎಂದಳು ಒಡೆಸ್ಸಾ ಮೆಲ್ಲಗೆ. "ಸಾಕ್ಷಿಗೆ."

ವರ್ನೆಲ್ ನೆಟ್ಟಿಯ ಪಾತ್ರೆ ಎತ್ತಿಕೊಂಡಳು. ಕೋಳಿ, ಅನ್ನ, ಚೀಸು, ಎಲ್ಲವನ್ನೂ ಚಮಚದಿಂದ ಕೆರೆದು ಕಸದ ಬುಟ್ಟಿಗೆ ಹಾಕಿದಳು. ಬಿಸಿನೀರಿನಲ್ಲಿ ತೊಳೆದಳು. ತಳದ ಟೇಪು ನೆನೆಯದ ಹಾಗೆ ಜೋಪಾನವಾಗಿ ಒರೆಸಿದಳು.

"ನಮ್ಮಮ್ಮ ಹೇಳ್ಕೊಟ್ಟಿದ್ರು, ಯಾರ ಪಾತ್ರೇನೂ ಖಾಲಿ ವಾಪಸ್ ಕೊಡಬಾರ್ದು ಅಂತ. ಏನೂ ಇಲ್ದಿದ್ರೆ ಎರಡು ಬಿಸ್ಕತ್ತಾದ್ರೂ ಹಾಕಿ ಕಳಿಸಿದೀನಿ, ನಲವತ್ತು ವರ್ಷ."

ಅವಳು ಪಾತ್ರೆಯನ್ನು ಒಡೆಸ್ಸಾಳ ಕೈಗೆ ಕೊಟ್ಟಳು. ಅದರೊಳಗೆ ಏನೂ ಇರಲಿಲ್ಲ.