ಮಗುಚಿಟ್ಟ ಫೋನು

"ಸೈಲೆಂಟಲ್ಲಿ ಇಟ್ಟಿದ್ದೆ ಅಂತ ಒಂದ್ಸಲ ಒಪ್ಕೊಂಡುಬಿಡು ತನುಜ. ನಾನೇನೂ ಅಂದ್ಕೊಳಲ್ಲ."

"ಇಟ್ಟಿದ್ರೆ ತಾನೆ ಒಪ್ಕೊಳೋದು?"

ಶಿಡ್ಲಘಟ್ಟ ಬಸ್ ಸ್ಟ್ಯಾಂಡ್ ಎದುರಿನ ಬೇಕರಿಯಲ್ಲಿ ಇಬ್ಬರ ನಡುವಿನ ಟೀ ಆರಿ ಕೆನೆ ಕಟ್ಟಿತ್ತು. ಮುನೇಶ ತನ್ನ ಫೋನನ್ನು ಅವಳ ಮುಖಕ್ಕೆ ಹಿಡಿದ. ಮೇಲಿಂದ ಕೆಳಗಿನವರೆಗೂ ಅವನು ಮಾಡಿದ ಕರೆಗಳೇ. ಒಂದನ್ನಾದರೂ ಅವಳು ಎತ್ತಿರಲಿಲ್ಲ.

ತನುಜ ತನ್ನ ಫೋನನ್ನು ಎತ್ತಿ ತೋರಿಸಿದಳು. ಸೈಲೆಂಟಿನ ಗುರುತಿರಲಿಲ್ಲ, ಸದ್ದು ತುದಿಯವರೆಗೂ ಏರಿತ್ತು. "ಮಾಡು ಈಗ," ಎಂದಳು. ಮಾಡಿದ. ಪಫ್ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡುವ ಹಾಗೆ ಅದು ಅವಳ ಕೈಯಲ್ಲೇ ಅರಚಿಕೊಂಡಿತು.

"ಚೆನ್ನಾಗೇ ಇದೆಯಲ್ಲ ಫೋನು," ಎಂದ ಅವನು.

"ಅದನ್ನೇ ನಾನು ಹೇಳ್ತಿರೋದು. ಚೆನ್ನಾಗೇ ಇದೆ. ನಾನೂ ಏನೂ ಮಾಡಿಲ್ಲ."

ಇದೆಂಥ ಗ್ರಹಚಾರ ಎಂದು ತನುಜಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಫೋನು ಮುನೇಶನೇ ಯುಗಾದಿಗೆ ಕೊಡಿಸಿದ್ದು. ಹಳೆಯದರ ಗಾಜು ಒಡೆದು ಬೆರಳಿಗೆ ಚುಚ್ಚುತ್ತಿತ್ತೆಂದು ಚಿಕ್ಕಬಳ್ಳಾಪುರದಲ್ಲಿ ಕೊಂಡು, ರಾತ್ರಿಯೆಲ್ಲ ಕೂತು ತಾನೇ ಸಿದ್ಧ ಮಾಡಿ ತಂದುಕೊಟ್ಟಿದ್ದ. ಅವನು ಅಲ್ಲಿನ ಪಿಯು ಕಾಲೇಜಿನಲ್ಲಿ ಕಾಮರ್ಸ್ ಮೇಷ್ಟ್ರು. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವ ಈ ಮಹಾನುಭಾವ ಅವಳ ಎದುರು ಕೂತರೆ ಒಂದು ಸಿಹಿ ಮಾತಿಗೂ ಬಾಯಿ ಬಿಡುತ್ತಿರಲಿಲ್ಲ. ಜಗಳ ಎದುರಿಗೆ, ಪ್ರೀತಿ ಮಾತ್ರ ವಾಟ್ಸಾಪಿನಲ್ಲಿ. 'ನಿನ್ನ ಹಸಿರು ಬಳೆ ಕಣ್ಣಲ್ಲೇ ಇದೆ' ಎಂದು ಅವನು ಬರೆದದ್ದು ಅವಳಿಗೆ ಕಂಡಾಗ ಮೂರು ತಾಸು ಕಳೆದಿರುತ್ತಿತ್ತು. ಅಷ್ಟರಲ್ಲಿ ಕೆಳಗೆ 'ಇದ್ದೀಯಾ?', ಅದರ ಕೆಳಗೆ 'ಸರಿ ಬಿಡು' ಬಂದು ಕೂತಿರುತ್ತಿದ್ದವು.

"ಅಮ್ಮ ಎರಡು ಸಲ ಮಾಡಿದ್ರು ನಿನಗೆ," ಎಂದ ಮುನೇಶ, ಟೀ ಲೋಟವನ್ನೇ ನೋಡುತ್ತ. "ಎರಡು ಸಲವೂ ಎತ್ತಲಿಲ್ಲ. ಆಮೇಲೆ ಮಾಡಿದ್ಯಂತೆ, ರೇಷ್ಮೆ ಹುಳದ ಮನೇಲಿದ್ದೆ ಅಂದ್ಯಂತೆ. ಈಗಲೇ ಹೀಗೆ, ಆಮೇಲೆ ಹೆಂಗೋ ಅಂತಾರೆ ಕಣೇ. ನಗರಗೆರೆ ಕಡೆಯಿಂದ ಒಂದು ಸಂಬಂಧ ಬಂದಿದೆ. ಗುರುವಾರ ಬೆಳಿಗ್ಗೆ ಪೂಜೆ ಮುಗಿಸಿ ನಿನಗೆ ಮಾಡ್ತಾರೆ. ಏನೋ ಒಂದು ಮಾತು ಕೇಳ್ಬೇಕಂತೆ. ನೀನು ಎತ್ತಲಿಲ್ಲ ಅಂದ್ರೆ ಅವರಿಗೆ ಹೂಂ ಅಂತಾರಂತೆ."

"ನೀನೇನಂದೆ?"

"ಎತ್ತುತಾಳೆ ಅಂದೆ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಆ ನೋಟದಲ್ಲಿ ಬೈಗುಳವಿರಲಿಲ್ಲ, ಬೇಡಿಕೆಯಿತ್ತು. ತನುಜ ಟೀಯ ಕೆನೆಯನ್ನು ಬೆರಳಿಂದ ಸರಿಸಿ, ಆರಿದ್ದನ್ನೇ ಕುಡಿದಳು.

ಅಂದು ಊರಿಗೆ ಹೋಗುವ ಮೊದಲು ಮೊಬೈಲ್ ಅಂಗಡಿಗೆ ಹೋದಳು. ಅಂಗಡಿಯವನು ಫೋನನ್ನು ಅಂಗೈಯಲ್ಲಿಟ್ಟುಕೊಂಡು ಕರೆ ಮಾಡಿದ, ಮೆಸೇಜು ಕಳಿಸಿದ. ಎಲ್ಲದಕ್ಕೂ ಅದು ಟಿಂಗ್ ಎಂದಿತು. "ಏನೂ ಆಗಿಲ್ಲಕ್ಕ, ನಿಮಗೇ ಕೇಳಿಸ್ತಿಲ್ವೇನೋ," ಎಂದ. ನನಗೆ ಕಿವುಡೇ ಎಂದು ಅವಳು ಅವನನ್ನು ಸುಡುವಂತೆ ನೋಡಿ ಬಂದಳು. ಮನೆಯಲ್ಲಿ ಅಮ್ಮನ ಫೋನಿಂದ ಮಾಡಿ ನೋಡಿದಳು, ಬಂತು. ಅಜ್ಜಿ ಗಂಗುಲಮ್ಮನ ಬಟನ್ ಫೋನಿಂದಲೂ ಬಂತು. ಕೈಯಲ್ಲಿದ್ದಾಗಲೆಲ್ಲ ಅಷ್ಟು ಸಾಧುವಾದದ್ದು ಹುಳದ ಮನೆಗೆ ಹೋದರೆ ಮಾತ್ರ ಹೇಗೆ ಮೂಗಿಯಾಗುತ್ತದೆ ಎಂಬುದು ಅವಳ ತಲೆಗೆ ಹತ್ತಲಿಲ್ಲ.

ಗುರುವಾರವೇ ಹುಳ ಹಣ್ಣಾಗಬೇಕೇ? ಆದವು. ಬೆಳಿಗ್ಗೆ ಎದ್ದು ನೋಡಿದರೆ ತಟ್ಟೆಗಳಲ್ಲೆಲ್ಲ ಹುಳ ಸೊಪ್ಪು ಬಿಟ್ಟು ತಲೆಯೆತ್ತಿಕೊಂಡು ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು. ಆ ಹೊತ್ತಿನಲ್ಲಿ ಹುಳ ಯಾರಿಗೂ ಕಾಯುವುದಿಲ್ಲ. ಅಮ್ಮ, ಅಜ್ಜಿ, ತನುಜ ಮೂವರೂ ಬಾಗಿಲಲ್ಲಿನ ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ ಒಳಗೆ ಹೋದರು. ಹುಳಕ್ಕೆ ರೋಗ ತಗುಲೀತೆಂದು ಹೊರಗಿನವರನ್ನು ಗಂಗುಲಮ್ಮ ಆ ಬಾಗಿಲು ದಾಟಲು ಬಿಡುತ್ತಿರಲಿಲ್ಲ. ಎಂಥ ನೆಂಟನೇ ಬರಲಿ, ಮಾತೇನಿದ್ದರೂ ಕಿಟಕಿಯ ಬಲೆಯಾಚೆಯಿಂದಲೇ.

ತನುಜ ಸದ್ದು ತುದಿಗೇರಿದೆಯೆಂದು ಮತ್ತೊಮ್ಮೆ ನೋಡಿ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಹಣ್ಣಾದ ಹುಳವನ್ನು ಆರಿಸಿ, ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆಗೆ ಬಿಡುತ್ತ ಒಂದು ಕಿವಿಯನ್ನು ಅತ್ತಲೇ ಇಟ್ಟಳು. ಬಿದಿರಿನ ಸುರುಳಿಗಳ ನಡುವೆ ಹುಳ ಒಂದೊಂದಾಗಿ ಸೇರಿಕೊಂಡವು. ಪೂಜೆ ಇಷ್ಟು ಹೊತ್ತು ಮಾಡುತ್ತಾರೆಯೇ? ದೇವರ ಮೇಲೂ ಅವಳಿಗೆ ಸ್ವಲ್ಪ ಕೋಪ ಬಂತು. ಕೊನೆಗೆ ತಡೆಯಲಾರದೆ ಹೋಗಿ ಫೋನು ಎತ್ತಿದಳು.

ಮುನೇಶನ ಅಮ್ಮ ಓಬಳಮ್ಮನ ಮಿಸ್ಡ್ ಕಾಲ್. ಮತ್ತೊಂದು. ಮತ್ತೆ ಮುನೇಶನದು, ಸಾಲಾಗಿ.

ತಿರುಗಿ ಮಾಡಿದರೆ ಓಬಳಮ್ಮ ಎತ್ತಲಿಲ್ಲ. ಮುನೇಶನೂ ಎತ್ತಲಿಲ್ಲ. ಎದುರಿಗೇ ಇತ್ತಲ್ಲ, ಮಾರುದೂರದಲ್ಲಿ, ನಾನು ಉಸಿರು ಬಿಗಿಹಿಡಿದು ಕೇಳುತ್ತಿದ್ದೆನಲ್ಲ ಎಂದು ಅವಳು ಗೋಡೆಗೊರಗಿ ನಿಂತುಬಿಟ್ಟಳು. ಕಣ್ಣೊರೆಸಿಕೊಳ್ಳೋಣವೆಂದರೆ ಕೈಯೆಲ್ಲ ಹುಳದ ತಟ್ಟೆಗೆ ಉದುರಿಸಿದ ಸುಣ್ಣ, ಆದರೂ ಒರೆಸಿಕೊಂಡಳು.

"ಏಮೇ, ಹುಳ ನೆಲಕ್ಕೆ ಬೀಳ್ತಾ ಐತೆ," ಎಂದಳು ಅಜ್ಜಿ.

"ಬೀಳ್ಲಿ ಬಿಡಜ್ಜಿ," ಎಂದ ತನುಜ ಮರುಕ್ಷಣವೇ ಬಗ್ಗಿ ಅವನ್ನು ಎತ್ತಿಕೊಂಡಳು.

ಹೊರಗೆ ಬೈಕಿನ ಸದ್ದಾಯಿತು. ಕಿಟಕಿಯ ಬಲೆಯಾಚೆ ಮುನೇಶನ ಮುಖ ಬಂತು, ಬೆವರಿ ಕೆಂಪಾಗಿತ್ತು. ಅವನ ಹಿಂದೆ ಹುಣಸೆಮರದ ಕೆಳಗಿನ ಕಲ್ಲಿನ ಮೇಲೆ ಓಬಳಮ್ಮ ಸೆರಗು ಬಿಗಿಯಾಗಿ ಹೊದ್ದು, ಮುಖ ಅತ್ತ ತಿರುಗಿಸಿಕೊಂಡು ಕೂತರು.

"ಕಾಲಿಗೆ ಬಿದ್ದು ಕರ್ಕೊಂಬಂದೀನಿ," ಎಂದ ಮುನೇಶ ಹಲ್ಲು ಕಚ್ಚಿ. "ಇವತ್ತೂ ಹಿಂಗೆ ಮಾಡ್ತೀಯಾ?"

"ನಾನೇನು ಮಾಡ್ದೆ? ಇಲ್ಲೇ ಇಟ್ಟಿದ್ದೆ, ಈ ಕಟ್ಟೆ ಮೇಲೆ. ಹಿಂಗೇ ಇಟ್ಟಿದ್ದೆ. ಬೇಕಾದ್ರೆ ಈಗ ಮಾಡು." ತನುಜ ಫೋನನ್ನು ಪಟ್ಟೆಂದು ಮಗುಚಿಟ್ಟಳು.

ಅವನು ಮಾಡಿದ. ಅವನ ಕಿವಿಯಲ್ಲಿ ರಿಂಗಾಗುತ್ತಿತ್ತು. ಕಟ್ಟೆಯ ಮೇಲೆ ಫೋನು ಕಮಕ್ ಕಿಮಕ್ ಎನ್ನಲಿಲ್ಲ.

"ಎತ್ಕೊ ಕೈಗೆ," ಎಂದು ಮತ್ತೆ ಮಾಡಿದ. ಅರಚಿಕೊಂಡಿತು. "ಇಡು." ಅವಳು ಮಗುಚಿಟ್ಟಳು. ಮೌನ. ಮುನೇಶ ಬಲೆಗೆ ಹಣೆ ತಾಗಿಸಿ ಅದನ್ನೇ ನೋಡಿದ. ಅವನ ಮುಖದ ಕೆಂಪು ನಿಧಾನವಾಗಿ ಇಳಿಯಿತು.

"ತನುಜ, ಯಾವಾಗ್ಲೂ ಹಿಂಗೇ ಮಗುಚಿ ಇಡ್ತೀಯಾ?"

"ಇನ್ನು ಹೆಂಗಿಡ್ತಾರೆ? ಹುಳ ಜ್ವರಕ್ಕೆ ಕೂತು ಪೊರೆ ಬಿಡೋವಾಗ ಬೆಳಕು ಬೀಳಬಾರದು ಅಂತ ಅಜ್ಜಿ ಚಿಕ್ಕಂದಿಂದ ಬಡ್ಕೊಂಡಿದಾಳೆ. ಸುಣ್ಣ ಬೇರೆ ಸ್ಕ್ರೀನ್ ಮೇಲೆ ಕೂರುತ್ತೆ. ಅಭ್ಯಾಸ."

ಮುನೇಶ ಗಂಟಲು ಸರಿ ಮಾಡಿಕೊಂಡ. "ಮಗುಚಿಟ್ರೆ ಸೈಲೆಂಟಾಗೋ ಸೆಟ್ಟಿಂಗ್ ಒಂದಿದೆ. ಕ್ಲಾಸಲ್ಲಿ ಟೇಬಲ್ ಮೇಲೆ ಬೋರಲು ಹಾಕಿದ್ರೆ ಸಾಕು ಅಂತ ನನ್ ಫೋನಲ್ಲಿ ಹಾಕ್ಕೊಂಡಿದ್ದೆ. ನಿನ್ನ ಫೋನು ರೆಡಿ ಮಾಡೋವಾಗ..."

"ಮಾಡೋವಾಗ?"

"ನನ್ನದರಲ್ಲಿ ಇದ್ದಿದ್ದೆಲ್ಲ ನಿನ್ನದಕ್ಕೂ ಹಾಕ್ದೆ."

ತನುಜ ಸೊಂಟದ ಮೇಲೆ ಕೈಯಿಟ್ಟಳು. ಇಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೆ ಬಂದು, ನಾಲಿಗೆಯ ತುದಿಯಲ್ಲಿ ಯಾವುದು ಮೊದಲೆಂದು ನೂಕಾಡಿತು. "ಅಂದ್ರೆ ತಪ್ಪು ಯಾರದು ಮೇಷ್ಟ್ರೇ?"

"ನಂದು."

"ಕೇಳಿಸ್ಲಿಲ್ಲ. ಸೈಲೆಂಟಲ್ಲಿದ್ದೀಯಾ?"

"ನಂದೇ ಕಣೇ," ಎಂದ ಜೋರಾಗಿ.

ಹುಣಸೆಮರದ ಕೆಳಗಿಂದ ಓಬಳಮ್ಮ ಎದ್ದು ಬಂದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮಗನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಬೆಳಗಿಂದ ಆ ಮಗೀನ ಮೇಲೆ ನನ್ ಕೈಲಿ ಏನೇನು ಅನ್ನಿಸ್ದೆಯಪ್ಪ ನೀನು," ಎಂದರು. ಆಮೇಲೆ ಬಾಗಿಲಿಗೆ ಹೋಗಿ ಚಪ್ಪಲಿ ಬಿಟ್ಟು, ಯಾರೂ ಹೇಳದೆಯೇ ಬ್ಲೀಚಿಂಗ್ ನೀರಿನಲ್ಲಿ ಎರಡೂ ಕಾಲದ್ದಿದರು. ತನುಜ ಅಜ್ಜಿಯ ಕಡೆ ನೋಡಿದಳು. ಆ ಕಾಲು ತೊಳೆಯುವ ರೀತಿಯಲ್ಲೇ ಗಂಗುಲಮ್ಮನಿಗೆ ಏನೋ ಗುರುತು ಸಿಕ್ಕಿತ್ತು. ಬಾಗಿಲು ಬಿಟ್ಟು ಸರಿದು ನಿಂತಳು.

ಓಬಳಮ್ಮ ಒಂದು ಹುಳವನ್ನು ಬೆಳಕಿಗೆ ಹಿಡಿದು ನೋಡಿ, ಚಂದ್ರಿಕೆಗೆ ಬಿಟ್ಟು, ಇನ್ನೊಂದಕ್ಕೆ ಕೈ ಹಾಕಿದರು. "ಪೆರೇಸಂದ್ರದಲ್ಲಿ ನಮ್ಮ ಹುಳದ ಮನೆಗೆ ಬೀಗ ಬಿದ್ದು ವರ್ಷಗಳಾಯ್ತು. ನನಗೆ ಮಂಡಿ ನೋವು. ಇವನು ಸುಣ್ಣ ಮುಟ್ಟಲ್ಲ. ಮದುವೆಯಾಗಿ ಬಂದ್ರೆ ಆ ಬೀಗ ತೆಗೀತೀಯಾ, ಇಲ್ಲ ನೀನೂ ಟೌನಲ್ಲೇ ಮನೆ ಮಾಡಣ ಅಂತೀಯಾ? ಕೇಳ್ಬೇಕು ಅಂದಿದ್ದು ಇಷ್ಟೇ ಕಣಮ್ಮ."

ತನುಜ ಕೈಯಲ್ಲಿದ್ದ ಹುಳವನ್ನು ಚಂದ್ರಿಕೆಗೆ ಬಿಟ್ಟಳು. ಮದುವೆಯೆಂದರೆ ಈ ಕೆಲಸ ಬಿಡುವುದೆಂದು ಅವಳು ಒಳಗೊಳಗೇ ಹೆದರಿದ್ದಳು, ಮುನೇಶನಿಗೂ ಹೇಳಿರಲಿಲ್ಲ. "ಬೀಗದ ಕೈ ನನಗೆ ಕೊಡಿ," ಎಂದಳು ಕೊನೆಗೆ. "ಮಳೆ ಬಿದ್ದು ಬೀಗ ತುಕ್ಕು ಹಿಡಿದಿದ್ರೆ ಒಡೆಯಕ್ಕೆ ಇವರಿಗೆ ಹೇಳಿ."

"ಇವರು" ಎಂದದ್ದು ಕೇಳಿ ಬಲೆಯಾಚೆ ಮುನೇಶ ಕೆಮ್ಮಿದ.

ತನುಜ ಫೋನನ್ನು ಅಂಗಾತ ತಿರುಗಿಸಿಟ್ಟಳು. "ಈಗ ನೋಡಣ," ಎಂದು ಓಬಳಮ್ಮ ಸೊಂಟದಲ್ಲಿದ್ದ ತಮ್ಮ ಫೋನು ತೆಗೆದು ಒತ್ತಿದರು. ಹುಳದ ಮನೆಯೆಲ್ಲ ತುಂಬುವಂತೆ ರಿಂಗಾಯಿತು. ಬೆಳಗಿದ ಸ್ಕ್ರೀನನ್ನು ಅವರು ಬಗ್ಗಿ ಓದಿದರು.

"ಇದ್ಯಾರಮ್ಮ, ಅತ್ತೆ?"

"ನೀವೇ," ಎಂದಳು ತನುಜ, ಚಂದ್ರಿಕೆಯ ಹಿಂದೆ ಮುಖ ಮರೆಸಿಕೊಂಡು. ಅಮ್ಮ, ಅಜ್ಜಿ, ಓಬಳಮ್ಮ ಮೂವರೂ ಒಟ್ಟಿಗೆ ನಕ್ಕರು. ನಗರಗೆರೆಯ ಮಾತು ಅಲ್ಲಿಗೆ ಮುಗಿಯಿತು.

ಮುನೇಶ ಮಾತ್ರ ಹೊರಗೇ ನಿಂತಿದ್ದ. ತಲೆ ತಗ್ಗಿಸಿ ಏನೋ ಒತ್ತುತ್ತಿದ್ದ. ಕಟ್ಟೆಯ ಮೇಲೆ ಟಿಂಗ್ ಎಂದಿತು. 'ಸಾರಿ.' ಮತ್ತೆ ಟಿಂಗ್. 'ಅಳ್ತಿದ್ದೆ ತಾನೆ? ಸುಣ್ಣ ಕೆನ್ನೆ ಮೇಲಿದೆ.' ಮತ್ತೆ ಟಿಂಗ್. ಅವಳು ಓದಲಿಲ್ಲ. ಇಷ್ಟು ದಿನ ಯಾವ ಸದ್ದಿಗಾಗಿ ಕಿವಿ ನೆಟ್ಟು ಕೂತಿದ್ದಳೋ ಆ ಸದ್ದು ಸಾಲಾಗಿ ಬರುತ್ತಿತ್ತು. ಬಲೆಯಾಚೆ ಅವನು ಅವಳನ್ನೇ ನೋಡುತ್ತ ಇನ್ನೊಂದನ್ನು ಬರೆಯುತ್ತಿದ್ದ.

ತನುಜ ಕಟ್ಟೆಯ ಹತ್ತಿರ ಬಂದು ಫೋನನ್ನು ಮಗುಚಿಟ್ಟಳು.

"ಏನದು?" ಎಂದ ಅವನು ಕಂಗಾಲಾಗಿ.

"ಅಲ್ಲಿ ನಿಂತು ಬರ್ದಿದ್ದು ಸಾಕು," ಎಂದಳು ತನುಜ. "ಕಾಲು ತೊಳ್ಕೊಂಡು ಒಳಗೆ ಬಂದು ಹೇಳು."