ಡ್ರೈವರನ ಪಟ್ಟಿಯಲ್ಲಿ ಇನ್ನೊಂದು ಬೆನ್ನು

ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಬಸ್ ಡ್ರೈವರನ ಬೆನ್ನು ಕಳುವಾಗಿತ್ತು. ಅದರ ಜಾಗದಲ್ಲಿ ಬೇರೆ ಯಾರದೋ ಬೆನ್ನಿತ್ತು.

ಹಾಗನ್ನಿಸಿದ್ದು ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಫಿಸಿಯೋಗೆ ಮಾತ್ರ. ಅಲ್ಲಿ ಬೆನ್ನುನೋವಿನ ಪ್ರತಿ ರೋಗಿಗೂ ಸೊಂಟಕ್ಕೆ ಕಟ್ಟಿಕೊಳ್ಳಲು ಒಂದು ಪಟ್ಟಿ ಕೊಡುತ್ತಿದ್ದರು. ದಿನವಿಡೀ ಬೆನ್ನು ಹೇಗೆ ಬಾಗಿತು, ಹೊರಳಿತು ಎಂದು ಅದು ಗೆರೆ ಎಳೆದು ಕಂಪ್ಯೂಟರಿಗೆ ಕಳಿಸುತ್ತಿತ್ತು. ಕೃತಕ ಬುದ್ಧಿಮತ್ತೆ ಅದನ್ನೂ ಸ್ಕ್ಯಾನನ್ನೂ ಕೂಡಿಸಿ ನೋಡಿ, ಆ ಬೆನ್ನಿಗೆಂದೇ ಚಿಕಿತ್ಸೆ ಸೂಚಿಸುತ್ತಿತ್ತು. ಎರಡು ತಿಂಗಳ ಹಿಂದೆ ಡ್ರೈವರನಿಗೆ ವ್ಯಾಯಾಮ ಸಾಕು ಎಂದಿದ್ದ ಯಂತ್ರ ಈಗ ಶಸ್ತ್ರಚಿಕಿತ್ಸೆ ಎನ್ನುತ್ತಿತ್ತು. ಗುರುವಾರಕ್ಕೆ ನಿಗದಿಯೂ ಆಗಿತ್ತು.

ಆದರೆ ಶುಕ್ರವಾರವಷ್ಟೇ ಆತ ಅವಳೆದುರು ಆರಾಮಾಗಿ ಬಗ್ಗಿ ಶೂ ಲೇಸು ಕಟ್ಟಿಕೊಂಡಿದ್ದ.

*

ಮೊದಲ ಅನುಮಾನ ಸರ್ಜನ್ ಮೇಲೆ. ಕತ್ತರಿ ಕಂಡರೆ ಕೈ ತುರಿಸುತ್ತದೆ ಎಂದು ಹೆಸರಾದವರು. ಯಂತ್ರದ ಸೂಚನೆ ನೋಡಿ ಅವರೇ ತಲೆ ಕೆರೆದುಕೊಂಡರು. ಬುಧವಾರದೊಳಗೆ ಕಾರಣ ತೋರಿಸಿದರೆ ಶಸ್ತ್ರಚಿಕಿತ್ಸೆ ಕೈಬಿಡುತ್ತೇನೆ ಎಂದರು.

ಎರಡನೆಯ ಅನುಮಾನ ಕಂಪ್ಯೂಟರ್ ನೋಡಿಕೊಳ್ಳುವವನ ಮೇಲೆ. ಅವನು ಗೊಣಗುತ್ತಲೇ ಎಲ್ಲ ತೆಗೆದು ತೋರಿಸಿದ. ಕಡತವನ್ನು ಯಾರೂ ಮುಟ್ಟಿರಲಿಲ್ಲ. ಪಟ್ಟಿಯ ನಂಬರೂ ಡ್ರೈವರನದೇ.

ಉಳಿದದ್ದು ಪಟ್ಟಿ ಕಳಿಸಿದ ಗೆರೆಗಳು. ಅವಳು ಎರಡು ತಿಂಗಳದ್ದನ್ನು ಹರಡಿಕೊಂಡು ಕೂತಳು. ಮೊದಲ ವಾರದ ಗೆರೆ ಇಂಜಿನ್ನಿನ ಜೊತೆ ನಡುಗುತ್ತಿತ್ತು. ಆಮೇಲೆ ನಡುಕವೇ ಇಲ್ಲ. ದಿನವೆಲ್ಲ ನಿಂತಿದ್ದ ಬೆನ್ನೊಂದು ಮುಂದಕ್ಕೆ ಬಾಗಿ ಅತ್ತಿತ್ತ ತೂಗುತ್ತಿತ್ತು. ಭಾನುವಾರ ಮಾತ್ರ ವಿಶ್ರಾಂತಿ.

ಡ್ರೈವರನ ರಜೆ ಬುಧವಾರ.

*

ಮಂಗಳವಾರ ಸಂಜೆ ಅವಳು ಡ್ರೈವರನ ಮನೆಗೆ ಹೋದಳು. ಅವನ ಹೆಂಡತಿ ಆಗಷ್ಟೇ ಕೆಲಸದಿಂದ ಬಂದು ಗೋಡೆಗೆ ಒರಗಿ ನಿಂತಿದ್ದಳು. ಯಾವ ಕೆಲಸ ಎಂದು ಕೇಳಿದ್ದಕ್ಕೆ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತೇನೆ, ಭಾನುವಾರ ರಜೆ ಎಂದಳು.

"ಅಕ್ಕಾ, ಪಟ್ಟಿ ಈಗ ಎಲ್ಲಿದೆ?"

ಹೆಂಡತಿಯ ಕೈ ತನ್ನ ಸೊಂಟಕ್ಕೇ ಹೋಯಿತು.

ಡ್ರೈವರ್ ಬಾಯಿ ತೆರೆದು ನಿಂತ. ಸೀಟಿನಲ್ಲಿ ಚುಚ್ಚುತ್ತದೆ ಎಂದು ಅವನು ಒಂದೇ ವಾರಕ್ಕೆ ಅದನ್ನು ಬಾಗಿಲ ಹಿಂದೆ ನೇತುಹಾಕಿ, ಕಟ್ಟಿಕೊಂಡೆ ಎಂದು ಆಸ್ಪತ್ರೆಯಲ್ಲಿ ಸುಳ್ಳು ಹೇಳುತ್ತಿದ್ದ.

"ಎರಡು ವರ್ಷದಿಂದ ನೋವು, ಮೇಡಂ," ಎಂದಳು ಹೆಂಡತಿ. "ಯಾರಿಗ್ ಹೇಳಿದ್ರೂ ಬರೀ ಸುಸ್ತು ಅಂದ್ರು. ಮಷೀನಾದ್ರೂ ಕೇಳಿಸ್ಕೊಳ್ಳತ್ತೆ ಅಂತ ಕಟ್ಕೊಂಡೆ. ಇವರ ವ್ಯಾಯಾಮಾನೂ ಮಾಡಿ ನೋಡ್ದೆ. ನೋವು ಜಾಸ್ತೀನೇ ಆಯ್ತು."

"ನಂಗೊಂದು ಮಾತು ಹೇಳ್ಬಾರ್ದಿತ್ತೇನೇ?"

"ಹೇಳಿದ್ನಲ್ರೀ. ನೀವು ಟೀವಿ ನೋಡ್ತಿದ್ರಿ."

ಫಿಸಿಯೋ ಬಿಡಿಸಿ ಹೇಳಿದಳು. ಸ್ಕ್ಯಾನು ಗಂಡನದು, ದುಡಿಮೆ ಹೆಂಡತಿಯದು. ಎರಡೂ ಒಂದೇ ಮೈಯದು ಎಂದುಕೊಂಡ ಯಂತ್ರ, ಸವೆದ ಮೂಳೆಯ ಮೇಲೆ ದಿನಕ್ಕೆ ಒಂಬತ್ತು ಗಂಟೆ ಬಗ್ಗುವ ಭಾರ ಹೇರಿ ಲೆಕ್ಕ ಹಾಕಿತ್ತು. ಗುರುವಾರ ಕೊಯ್ಯಿಸಿಕೊಳ್ಳಬೇಕಿದ್ದ ಡ್ರೈವರ್ ಮೆಲ್ಲಗೆ ಕುರ್ಚಿಯಲ್ಲಿ ಕೂತ. ಆಮೇಲೆ ಎದ್ದು, ಹೆಂಡತಿಯನ್ನು ಅದೇ ಕುರ್ಚಿಯಲ್ಲಿ ಕೂರಿಸಿದ.

*

ಬುಧವಾರ ಸರ್ಜನ್ ನಕ್ಕು ಶಸ್ತ್ರಚಿಕಿತ್ಸೆ ರದ್ದು ಮಾಡಿದರು. ಹೆಂಡತಿಗೂ ಸ್ಕ್ಯಾನಾಯಿತು. ಕೊಯ್ಯುವಂಥದ್ದು ಏನೂ ಇರಲಿಲ್ಲ. ಅವಳದೇ ಪಟ್ಟಿ, ಅವಳದೇ ವ್ಯಾಯಾಮ. ಇಸ್ತ್ರಿ ಮೇಜನ್ನು ನಾಲ್ಕು ಬೆರಳು ಎತ್ತರಿಸಲು ಯಂತ್ರ ಹೇಳಿತು. ಗಂಡನ ಪಟ್ಟಿಗೆ ಮೆತ್ತನೆ ಬಟ್ಟೆಯ ಒಳಪದರವನ್ನು ಅವಳೇ ಹೊಲಿದಳು.

ಮುಂದಿನ ತಿಂಗಳು ಫಿಸಿಯೋ ಎರಡು ಗೆರೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಒಂದು ಇಂಜಿನ್ನಿನ ಜೊತೆ ನಡುಗುತ್ತಿತ್ತು. ಇನ್ನೊಂದು ನೆಟ್ಟಗೆ ನಿಂತಿತ್ತು.