ಜೇನಿಗೆ ತಡವಾಗಿ ಹೇಳಿದ ಸುದ್ದಿ

ಸಫೋಕ್‌ನ ನಮ್ಮ ಸಂತೆಯೂರಿನಲ್ಲಿ ಮನೆಯೊಡೆಯ ಸತ್ತರೆ ಜೇನಿಗೂ ಸುದ್ದಿ ಹೇಳಬೇಕು. ಪ್ರತಿ ಜೇನುಪೆಟ್ಟಿಗೆಗೂ ಸಾವಿಗೊಂದರಂತೆ ಕರಿಬಟ್ಟೆ ಕಟ್ಟಬೇಕು. ಅಪ್ಪ ತೀರಿಕೊಂಡ ಸಂಕಟದಲ್ಲಿ ನಾನದನ್ನು ಮರೆತೇಬಿಟ್ಟಿದ್ದೆ. ಮಣ್ಣು ಮಾಡುವ ದಿನ ಬೆಳಿಗ್ಗೆ ಪಕ್ಕದ ಮನೆಯ ವಿನಿಫ್ರೆಡ್ ಗದರಿದಳು: "ಮೂರು ದಿನ ಆಯ್ತಲ್ಲೇ ಎಡಿತ್! ಹೋಗು, ಮನೆ ಬೀಗದ ಕೈಯಿಂದ ಮೂರು ಸಲ ತಟ್ಟಿ ಹೇಳು. ಜೇನಿಗೆ ಸಿಟ್ಟು ಬಂದ್ರೆ ಸುಮ್ನಿರತ್ತಾ?"

ಹಿತ್ತಿಲಿನ ನಾಲ್ಕೂ ಪೆಟ್ಟಿಗೆ ತಟ್ಟಿ, "ಯಜಮಾನ್ರು ಹೋಗ್ಬಿಟ್ರು ಕಣ್ರಪ್ಪಾ," ಎಂದೆ. ಗುಂಯ್‌ಗುಡುವ ಸದ್ದು ಒಮ್ಮೆಲೇ ನಿಂತಿತು. ಜೂನ್ ತಿಂಗಳ ಬಿಸಿಲಲ್ಲೂ ಬೀಗದ ಕೈ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಅವಸರವಾಗಿ ಒಂದೊಂದು ಬಟ್ಟೆ ಕಟ್ಟಿ, ಹಿತ್ತಿಲಿಗೆ ಬೀಗ ಹಾಕಿ ಚರ್ಚಿಗೆ ಹೋದೆ.

ಮಧ್ಯಾಹ್ನ ಬಂದಾಗ ಬೀಗ ಹಾಕಿದಂತೆಯೇ ಇತ್ತು. ಒಂದೊಂದು ಪೆಟ್ಟಿಗೆಗೂ ಎರಡೆರಡು ಕರಿಬಟ್ಟೆ ಇತ್ತು.

ಈ ಮನೆಯಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ.